ಕುಮ್ಕಿ, ಬಾಣೆ ಮತ್ತು ಉಳಿದವರು: ಸಂಪಾಜೆಯ ಚರಿತ್ರೆಯ ಒಂದು ಓದು

ದಲಿತ ವಿಮರ್ಶೆಯ ವಿಶೇಷಾಂಕದಲ್ಲಿ ಒಂದು ಊರಿನ ಭೂಗೋಳದ ಬಗ್ಗೆ ಲೇಖನ ಯಾಕೆ ಅಂತ ಕೆಲವರಿಗಾದರೂ ಅನ್ನಿಸಬಹುದು. ವಿಮರ್ಶೆ ಎಂದರೆ ಕೃತಿಗಳ ಓದು ಎಂದು ನಾವು ರೂಢಿ ಮಾಡಿಕೊಂಡಿದ್ದೇವೆ. ಆದರೆ ಊರು ಕೂಡ ಯಾರೋ ಬರೆದದ್ದೇ. ಸರ್ವೆ ಇಲಾಖೆ ಅದನ್ನು ಬರೆದಿದೆ, ಕಂದಾಯ ಇಲಾಖೆ ಬರೆದಿದೆ, ಅರಣ್ಯ ಇಲಾಖೆ ಬರೆದಿದೆ. ಗೆಜೆಟಿಯರಿನ ಸಾಹೇಬರು ಬರೆದಿದ್ದಾರೆ, ಅವರ ನಂತರ ನಮ್ಮ ಕಾದಂಬರಿಕಾರರು ಬರೆದಿದ್ದಾರೆ. ಹೀಗೆ ಬರೆದ ಊರಿನಲ್ಲಿ ಯಾರ ಹೆಸರು ಉಂಟು, ಯಾರದ್ದು ಇಲ್ಲ ಎಂದು ಕೇಳುವುದು ವಿಮರ್ಶೆಯ ಕೆಲಸವೇ ಎಂದು ನಾನು ತಿಳಿದಿದ್ದೇನೆ.

ಘಟ್ಟದ ಬುಡದ ಊರುಗಳ ಬಗ್ಗೆ ಬರೆಯುವವರು ಮೊದಲ ಸಾಲಿನಲ್ಲೇ ಬಳಸುವ ಒಂದು ಮಾತುಂಟು: 'ಜನವಿರಳ ಗುಡ್ಡಗಾಡು ಪ್ರದೇಶ'. ಕೇಳಲಿಕ್ಕೆ ಬಹಳ ಮುಗ್ಧವಾದ ಮಾತು. ಜನ ಕಡಿಮೆ, ಕಾಡು ಜಾಸ್ತಿ, ಮಳೆ ಜೋರು, ಅಷ್ಟೇ ತಾನೇ? ಆದರೆ ಈ ಮಾತಿನೊಳಗೆ ಇನ್ನೊಂದು ಮಾತು ಅಡಗಿದೆ. ಜನವಿಲ್ಲದ ನೆಲ ಯಾರದ್ದೂ ಅಲ್ಲ, ಮೊದಲು ಬಂದು ಕಡಿದು ಕೃಷಿ ಮಾಡಿದವನದ್ದು ಎಂಬ ಮಾತು. ಸಂಪಾಜೆಯ ಚರಿತ್ರೆ ಹೇಳುವುದು ಇದಕ್ಕೆ ತೀರಾ ಉಲ್ಟಾ. ಇಲ್ಲಿ ಗದ್ದೆಯ ಬದುವಿನಿಂದ ಮಲೆಯ ನೆತ್ತಿಯವರೆಗೆ ಒಂದೊಂದು ತುಂಡು ನೆಲಕ್ಕೂ ಹಕ್ಕುದಾರರಿದ್ದರು. ಖಾಲಿ ಎಂದು ಹೇಳಿದ ಗುಡ್ಡಕ್ಕೂ ಒಂದು ಹೆಸರಿತ್ತು, ಒಂದು ಕಾನೂನಿತ್ತು. ಆ ಹೆಸರಿನಲ್ಲಿ, ಆ ಕಾನೂನಿನಲ್ಲಿ ದಲಿತರಿಗೆ ಮಾತ್ರ ಜಾಗ ಇರಲಿಲ್ಲ.

1

ಮೊದಲು ಊರಿನ ಲಕ್ಷಣ. ಸಂಪಾಜೆ ಎಂಬ ಗ್ರಾಮಗಳು ಎರಡುಂಟು. ಒಂದು ದಕ್ಷಿಣ ಕನ್ನಡದ ಸುಳ್ಯ ತಾಲೂಕಿನದು, ಕಲ್ಲುಗುಂಡಿ ಅದರ ಪೇಟೆ. ಇನ್ನೊಂದು ಕೊಡಗಿನ ಮಡಿಕೇರಿ ತಾಲೂಕಿನದು. ಬಸ್ಸಿನಲ್ಲಿ ಹೋಗುವವರಿಗೆ ಒಂದು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತು ಅಂತ ಗೊತ್ತಾಗುವುದೂ ಇಲ್ಲ. ಸುಳ್ಯದಿಂದ ಮಡಿಕೇರಿಗೆ ಹೊರಟರೆ ಪೆರಾಜೆಯಲ್ಲಿ ಕೊಡಗು ಬರುತ್ತದೆ, ಅರಂತೋಡಿನಲ್ಲಿ ಮತ್ತೆ ದಕ್ಷಿಣ ಕನ್ನಡ, ಸಂಪಾಜೆ ದಾಟುವಾಗ ಮತ್ತೆ ಕೊಡಗು. ಒಂದೇ ದಾರಿ ಮೂರು ಸಲ ಜಿಲ್ಲೆ ಬದಲಿಸುತ್ತದೆ. ದಾರಿಯ ಬದಿಯಲ್ಲಿ ಪಯಸ್ವಿನಿ ಹರಿಯುತ್ತದೆ. ಕೊಡಗಿನ ಮಲೆಯಲ್ಲಿ ಹುಟ್ಟಿ, ಸುಳ್ಯ ದಾಟಿ, ಕೇರಳದೊಳಗೆ ಹೋಗಿ, ಚಂದ್ರಗಿರಿ ಎಂಬ ಹೆಸರಿನಲ್ಲಿ ಕಾಸರಗೋಡಿನ ಹತ್ತಿರ ಕಡಲು ಸೇರುತ್ತದೆ.

ಸಂಪಾಜೆಯಿಂದ ಮಡಿಕೇರಿಗೆ ಮೂವತ್ತು ಕಿಲೋಮೀಟರಿನೊಳಗಿನ ದಾರಿ. ಅಷ್ಟರಲ್ಲಿ ಸುಮಾರು ಸಾವಿರ ಮೀಟರ್ ಎತ್ತರ ಹತ್ತಬೇಕು. ಕೊಯನಾಡು, ದೇವರಕೊಲ್ಲಿ, ಜೋಡುಪಾಲ, ಮದೆನಾಡು ಎಂದು ಒಂದೊಂದೇ ಊರು ಮೇಲೇರುತ್ತದೆ. ಉತ್ತರಕ್ಕೆ ಪುಷ್ಪಗಿರಿ, ದಕ್ಷಿಣಕ್ಕೆ ತಲಕಾವೇರಿಯ ಕಾಡು. ಎರಡೂ 1987ರಲ್ಲಿ ವನ್ಯಧಾಮಗಳಾದವು, 2012ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ನಡುವೆ ಪಟ್ಟಿಘಾಟ್, ಕಡಮಕಲ್ ಮೊದಲಾದ ಮೀಸಲು ಅರಣ್ಯಗಳು. ಅಡಿಕೆ, ಕಾಳುಮೆಣಸು, ಈಚೆಗೆ ರಬ್ಬರು. ಮನೆಮನೆಗಳ ನಡುವೆ ಒಂದು ಗುಡ್ಡೆ, ಒಂದು ತೋಡು.

ಈ ನೆಲಕ್ಕೆ ಒಂದು ಮೇಲು ಕೀಳುಂಟು, ಅದನ್ನು ನೀರು ನಿರ್ಧರಿಸುತ್ತದೆ. ತುಳುನಾಡಿನಲ್ಲಿ ಗದ್ದೆಗಳನ್ನು ಬೈಲು, ಮಜಲು, ಬೆಟ್ಟು ಎಂದು ವಿಂಗಡಿಸುತ್ತಾರೆ. ತೋಡಿನ ಪಕ್ಕ ನೀರು ನಿಲ್ಲುವ ತಗ್ಗು ಬೈಲು, ಅದು ಉತ್ತಮ. ಮೇಲಿನದು ಮಜಲು. ಮಳೆಯನ್ನೇ ನಂಬಿದ್ದು ಬೆಟ್ಟು. ಬೆಟ್ಟಿಗಿಂತ ಮೇಲೆ ಗುಡ್ಡೆ. ಯಜಮಾನನ ಮನೆ ಬೈಲಿನ ತಲೆಯಲ್ಲಿ, ನೀರಿನ ಕಣಿಯ ಹತ್ತಿರ. ಮೇರ, ಮನ್ಸ, ಮುಗೇರ, ಆದಿದ್ರಾವಿಡರ ಗುಡಿಸಲು ಗುಡ್ಡೆಯ ಬದಿಯಲ್ಲಿ, ಬಾವಿ ತೋಡಿದರೂ ನೀರು ಸಿಕ್ಕದ ಕಡೆ. ಸಮಾಜಶಾಸ್ತ್ರದ ಪುಸ್ತಕಗಳು ಜಾತಿಯನ್ನು ಏಣಿಗೆ ಹೋಲಿಸುತ್ತವೆ. ಇಲ್ಲಿ ಆ ಏಣಿ ತಲೆಕೆಳಗು: ಮೇಲಿನವರು ತಗ್ಗಿನಲ್ಲಿ, ಕೆಳಗಿನವರು ಎತ್ತರದಲ್ಲಿ. ಎತ್ತರದಲ್ಲಿ ಇರುವುದು ಗೌರವದ ವಿಷಯವಾಗಿರಲಿಲ್ಲ. ಕೊಡಪಾನ ಹೊತ್ತು ಇಳಿದು ಹತ್ತುವ ವಿಷಯವಾಗಿತ್ತು.

2

ಸಂಪಾಜೆಯ ಚರಿತ್ರೆ ಎಂದು ಸಾಮಾನ್ಯವಾಗಿ ಹೇಳುವುದು ಗಡಿಯ ಮತ್ತು ದಂಗೆಯ ಚರಿತ್ರೆಯನ್ನು. ಅದೂ ಮುಖ್ಯವೇ. ಸುಳ್ಯದ ಸೀಮೆ ಒಂದು ಕಾಲಕ್ಕೆ ಹಾಲೇರಿ ಅರಸರ ಕೊಡಗಿಗೆ ಸೇರಿತ್ತು. 1834ರಲ್ಲಿ ಕಂಪೆನಿ ಸರಕಾರ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ತೆಗೆದುಕೊಂಡಿತು. ಘಟ್ಟದ ಕೆಳಗಿನ ಅಮರ ಸುಳ್ಯ, ಪುತ್ತೂರಿನ ಕಡೆಯ ಮಾಗಣೆಗಳನ್ನು ಕಡಿದು ಕೆನರಾ ಜಿಲ್ಲೆಗೆ ಸೇರಿಸಿತು. ಅರಸರ ಕಾಲದಲ್ಲಿ ಫಸಲಿನ ರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ಈಗ ನಗದಾಗಿ ಕೊಡಬೇಕಾಯಿತು. ಹಣಕ್ಕಾಗಿ ಪೇಟೆಯ ಸಾಹುಕಾರನ ಕಾಲು ಹಿಡಿಯಬೇಕಾಯಿತು. ಉಪ್ಪು, ಹೊಗೆಸೊಪ್ಪಿನ ವ್ಯಾಪಾರ ಸರಕಾರದ ಕೈಯಲ್ಲಿತ್ತು.

1837ರ ಮಾರ್ಚ್ ಕೊನೆಗೆ ದಂಗೆ ಎದ್ದಿತು. ಕೆದಂಬಾಡಿ ರಾಮಯ್ಯ ಗೌಡ, ಗುಡ್ಡೆಮನೆ ಅಪ್ಪಯ್ಯ ಗೌಡ, ಕಲ್ಯಾಣಸ್ವಾಮಿ ಎಂದು ಕರೆಸಿಕೊಂಡ ಪುಟ್ಟಬಸಪ್ಪ ಮೊದಲಾದವರು ಮುಂದಾಳುಗಳು. ಬೆಳ್ಳಾರೆಯ ಖಜಾನೆ ವಶವಾಯಿತು, ದಂಡು ಪುತ್ತೂರು, ಬಂಟ್ವಾಳ ದಾಟಿ ಏಪ್ರಿಲ್ 5ಕ್ಕೆ ಮಂಗಳೂರು ಹೊಕ್ಕಿತು. ಸುಮಾರು ಎರಡು ವಾರ ಮಂಗಳೂರು ಅವರ ಕೈಯಲ್ಲಿತ್ತು. ಕಂಪೆನಿಯ ಸೈನ್ಯ ಬಂದ ಮೇಲೆ ಸೋಲು, ಗಲ್ಲು, ಗಡೀಪಾರು. ಅದೇ ವರ್ಷದ ಅಕ್ಟೋಬರಿನಲ್ಲಿ ಅಪ್ಪಯ್ಯ ಗೌಡರನ್ನು ಮಡಿಕೇರಿ ಕೋಟೆಯ ಬಳಿ ಗಲ್ಲಿಗೇರಿಸಲಾಯಿತು. ಪೇಟೆಯ ಜನ ಇದನ್ನು 'ಕಲ್ಯಾಣಪ್ಪನ ಕಾಟಕಾಯಿ' ಎಂದರು, ಅಂದರೆ ಉಪದ್ರವ, ಲೂಟಿ. ಇದನ್ನು ಸ್ವಾತಂತ್ರ್ಯ ಸಮರ ಎಂದು ಕರೆಯಬೇಕೆಂದು ಈ ಭಾಗದ ವಿದ್ವಾಂಸರು ದಶಕಗಳ ಕಾಲ ವಾದಿಸಿದರು, ಅದರಲ್ಲಿ ಗೆದ್ದರು. 2022ರ ನವೆಂಬರಿನಲ್ಲಿ ಮಂಗಳೂರಿನ ಬಾವುಟಗುಡ್ಡೆಯಲ್ಲಿ ರಾಮಯ್ಯ ಗೌಡರ ಪ್ರತಿಮೆ ಎದ್ದು ನಿಂತಿತು.

ಈ ಗೆಲುವನ್ನು ಸಣ್ಣದು ಮಾಡುವ ಉದ್ದೇಶ ನನಗಿಲ್ಲ. ಶೂದ್ರ ರೈತರ ಒಂದು ಬಂಡಾಯವನ್ನು ಕಳ್ಳರ ಕೆಲಸ ಎಂದು ಬರೆದಿಟ್ಟಿದ್ದರು, ಅದನ್ನು ತಿದ್ದಿದ್ದು ಸರಿಯೇ. ಆದರೆ ಪ್ರಶ್ನೆ ಅಲ್ಲಿಗೇ ನಿಲ್ಲುವುದಿಲ್ಲ. ಕಂದಾಯ ಹಣದಲ್ಲೋ ಭತ್ತದಲ್ಲೋ ಎಂಬುದು ಕಂದಾಯ ಕಟ್ಟುವವನ ಪ್ರಶ್ನೆ. ಆ ಭತ್ತವನ್ನು ನೆಟ್ಟು, ಕೊಯ್ದು, ಬಡಿದು, ಹೊತ್ತವರಿಗೆ ಎರಡು ಕಾಲದಲ್ಲೂ ಪಡಿ ಅಕ್ಕಿಯೇ ಸಂಬಳ. ದಂಗೆಯ ದಂಡಿಗೆ ದವಸ ಹೊತ್ತವರು ಯಾರು, ಅಂದು ಯಜಮಾನರು ಹೊರಟ ಮೇಲೆ ಗದ್ದೆ ಕಾದವರು ಯಾರು? ನಿರಂಜನರು ಈ ಕಾಲವನ್ನು ಕುರಿತು 'ಕಲ್ಯಾಣಸ್ವಾಮಿ', 'ಸ್ವಾಮಿ ಅಪರಂಪಾರ' ಬರೆದರು. ಮಾಸ್ತಿಯವರು 'ಚಿಕವೀರ ರಾಜೇಂದ್ರ' ಬರೆದರು. ಅರಸನಿಗೆ ಒಂದು ಕಾದಂಬರಿ ಸಿಕ್ಕಿತು, ದಂಗೆಕೋರನಿಗೆ ಎರಡು. ಆಳಿಗೆ? ಅದನ್ನು ಮುಂದೆ ನೋಡೋಣ.

3

ಗಡಿಯ ಚರಿತ್ರೆಯಲ್ಲಿ ದಂಗೆಗಿಂತ ಮುಖ್ಯವಾದ, ಆದರೆ ಯಾರೂ ಹಾಡದ ಒಂದು ಸಂಗತಿ ಉಂಟು. 1834ರ ನಂತರ ಸಂಪಾಜೆಯ ಕೆಳಗಿನ ಭಾಗ ಮದ್ರಾಸು ಪ್ರಾಂತ್ಯದ ಕಂದಾಯ ಪದ್ಧತಿಗೆ ಹೋಯಿತು, ಮೇಲಿನ ಭಾಗ ಕೊಡಗಿನ ಪದ್ಧತಿಯಲ್ಲಿ ಉಳಿಯಿತು. 1956ರ ನವೆಂಬರ್ 1ರವರೆಗೆ ಇವು ಬೇರೆ ಬೇರೆ ಆಡಳಿತಗಳೇ. ಹಾಗಾಗಿ ಒಂದೇ ಹೆಸರಿನ ಊರಿನಲ್ಲಿ ಗುಡ್ಡವನ್ನು ಹಂಚುವ ಎರಡು ಕಾನೂನುಗಳು ಅಕ್ಕಪಕ್ಕ ಬೆಳೆದವು.

ಕೆಳಗೆ ಕುಮ್ಕಿ. ವರ್ಗದ ಕೃಷಿ ಜಮೀನಿನ ಗಡಿಯಿಂದ ನೂರು ಗಜದೊಳಗಿನ ಸರಕಾರಿ ಗುಡ್ಡದಲ್ಲಿ ಸೊಪ್ಪು ಕಡಿಯುವ, ಸೌದೆ ತರುವ, ದನ ಮೇಯಿಸುವ ಸವಲತ್ತು ಆ ಜಮೀನಿನವನಿಗೆ. ಭೂಮಿ ಸರಕಾರದ್ದು, ಅನುಭವ ವರ್ಗದಾರನದು. ಇದರಲ್ಲಿ ಇನ್ನೊಂದು ಸೂಕ್ಷ್ಮ ಉಂಟು. ಈ ಸವಲತ್ತು ಇರುವುದು ಕದೀಂ ವರ್ಗಕ್ಕೆ, ಅಂದರೆ ಫಸಲಿ 1276, ಕ್ರಿಸ್ತಶಕದ ಲೆಕ್ಕದಲ್ಲಿ 1866ಕ್ಕಿಂತ ಮುಂಚೆ ಆದ ವರ್ಗಕ್ಕೆ. ಆಮೇಲೆ ದರ್ಖಾಸ್ತಿನಲ್ಲಿ ಪಡೆದ ಜಮೀನಿಗೆ ಕುಮ್ಕಿ ಇಲ್ಲ.

ಮೇಲೆ ಬಾಣೆ. ಕೊಡಗಿನ ಜಮ್ಮಾ ಹಿಡುವಳಿಯಲ್ಲಿ ಗದ್ದೆಗೆ ಅಂಟಿದ ಗುಡ್ಡವೇ ಬಾಣೆ. ಗದ್ದೆಗೆ ಸೊಪ್ಪು, ಮನೆಗೆ ಸೌದೆ, ದನಕ್ಕೆ ಹುಲ್ಲು ಅಂತ ಕಂದಾಯವಿಲ್ಲದೆ ಬಿಟ್ಟುಕೊಟ್ಟದ್ದು. ಜಮ್ಮಾ ಎಂಬುದೇ ಅರಸರ ಕಾಲದಲ್ಲಿ ದಂಡಿಗೆ ಬರುವವರಿಗೆ, ಕೊಡವರಿಗೆ, ಗೌಡರಿಗೆ ಮತ್ತು ಅಂಥ ಇತರ ಒಕ್ಕಲುಗಳಿಗೆ ಅರ್ಧ ಕಂದಾಯದಲ್ಲಿ ಕೊಟ್ಟ ಭೂಮಿ.

ಎರಡು ಹೆಸರು, ಎರಡು ಸರಕಾರ, ಎರಡು ಇತಿಹಾಸ. ನಿಯಮ ಮಾತ್ರ ಒಂದೇ: ಗದ್ದೆ ಇದ್ದವನಿಗೆ ಗುಡ್ಡ. ಕುಮ್ಕಿಯನ್ನು ನೇರವಾಗಿ ಜಾತಿಯ ಹೆಸರು ಹೇಳಿ ಯಾರೂ ಬರೆಯಲಿಲ್ಲ. ಅದರ ಅಗತ್ಯವೇ ಇರಲಿಲ್ಲ. 1866ಕ್ಕಿಂತ ಮೊದಲು ಗದ್ದೆಯ ವರ್ಗ ಯಾರ ಹೆಸರಲ್ಲಿತ್ತು ಅಂತ ಕೇಳಿದರೆ ಸಾಕು, ಜಾತಿ ತಾನಾಗಿ ಹೊರಬರುತ್ತದೆ. ಆ ಕಾಲದಲ್ಲಿ ದಲಿತ ಇನ್ನೊಬ್ಬರ ವರ್ಗದ ಭಾಗವಾಗಿದ್ದ, ವರ್ಗದಾರ ಆಗಿರಲಿಲ್ಲ. 1964ರ ಕರ್ನಾಟಕ ಭೂಕಂದಾಯ ಕಾಯ್ದೆ ಬಂದಾಗ ಅದರ 79ನೇ ಕಲಮಿನಲ್ಲಿ ದಕ್ಷಿಣ ಕನ್ನಡದ ಕುಮ್ಕಿ, ಕಾನೆ, ಕೊಡಗಿನ ಜಮ್ಮಾ, ಬಾಣೆ ಎಲ್ಲ ಸವಲತ್ತುಗಳು ಮುಂದುವರಿದವು. ವಸಾಹತುಶಾಹಿ ಹೋಯಿತು, ಪ್ರಜಾಪ್ರಭುತ್ವ ಬಂತು, ಏಕೀಕರಣ ಆಯಿತು. ನೂರು ಗಜದ ಅಳತೆ ಹಾಗೇ ಉಳಿಯಿತು.

ಇದರ ಪರಿಣಾಮ ಸಣ್ಣದಲ್ಲ. ಕುಮ್ಕಿ ಸವಲತ್ತು ಕ್ರಮೇಣ ಬೇಲಿಯಾಯಿತು, ಬೇಲಿಯೊಳಗೆ ಗೇರು ಬಂತು, ಅಡಿಕೆ ಬಂತು, ರಬ್ಬರು ಬಂತು. ಐದು ಸೆಂಟ್ಸು ಮನೆ ನಿವೇಶನಕ್ಕೆ ದಲಿತನೊಬ್ಬ ಅರ್ಜಿ ಹಾಕಿದರೆ ಅದು ಒಬ್ಬರ ಕುಮ್ಕಿ ಅಂತ ತಕರಾರು ಬರುತ್ತದೆ. ಅಲ್ಲಿಂದ ಮೇಲೆ ಹೋದರೆ ಮೀಸಲು ಅರಣ್ಯ. 1882ರ ಮದ್ರಾಸ್ ಅರಣ್ಯ ಕಾಯ್ದೆಯ ನಂತರ ಮಲೆ ಸರಕಾರದ್ದಾಯಿತು. ಮಲೆಕುಡಿಯರು, ಮರಾಟಿಗಳು ಮಾಡುತ್ತಿದ್ದ ಕುಮರಿ ಬೇಸಾಯಕ್ಕೆ ಅದಕ್ಕಿಂತ ಮೊದಲೇ ಕತ್ತರಿ ಬಿದ್ದಿತ್ತು. ಕೆಳಗೆ ವರ್ಗ, ನಡುವೆ ಕುಮ್ಕಿ, ಮೇಲೆ ಅರಣ್ಯ. ಜನವಿರಳವಾದ ಈ ವಿಶಾಲ ಊರಿನಲ್ಲಿ ಒಂದು ಗುಡಿಸಲಿಗೆ ಜಾಗ ಇಲ್ಲ! ಜನಸಾಂದ್ರತೆಯ ಅಂಕಿ ಇಟ್ಟುಕೊಂಡು ಇದನ್ನು ಅರ್ಥ ಮಾಡಲಿಕ್ಕೆ ಆಗುವುದಿಲ್ಲ.

4

ಇನ್ನು ದಾರಿಯ ಮಾತು. ಸಂಪಾಜೆ ಎಂದರೆ ಘಾಟಿ. ಕರಾವಳಿಯ ಉಪ್ಪು, ಒಣಮೀನು ಮೇಲೆ. ಘಟ್ಟದ ಏಲಕ್ಕಿ, ಕಾಫಿ ಕೆಳಗೆ. ಇದು ಸರಕಿನ ಲೆಕ್ಕ. ಈ ದಾರಿಯಲ್ಲಿ ಹೋದ ಇನ್ನೊಂದು ಸರಕು ಮನುಷ್ಯರು.

1801ರಲ್ಲಿ ಕೆನರಾದಲ್ಲಿ ಸುತ್ತಿದ ಫ್ರಾನ್ಸಿಸ್ ಬುಕಾನನ್, ಇಲ್ಲಿಯ ಜೀತದಾಳುಗಳಿಗೆ ಕೊಡುವ ಅಕ್ಕಿ, ಬಟ್ಟೆಯ ಲೆಕ್ಕವನ್ನು ಬರೆದಿಟ್ಟಿದ್ದಾನೆ. ಭತ್ತದ ತಳಿ, ಮಣ್ಣಿನ ಬಣ್ಣ, ಎತ್ತಿನ ಬೆಲೆ ಬರೆದ ಅದೇ ಕೈ. 1894ರ ದಕ್ಷಿಣ ಕನ್ನಡ ಜಿಲ್ಲಾ ಕೈಪಿಡಿಯ ಕಾಲಕ್ಕೂ 'ಮೂಲದ ಹೊಲೆಯ', 'ಸಾಲದ ಹೊಲೆಯ' ಎಂಬ ಎರಡು ಮಾತು ಜೀವಂತ. ಹುಟ್ಟಿನಿಂದ ಭೂಮಿಗೆ ಅಂಟಿದವನು ಮೊದಲನೆಯವನು, ಸಾಲದಿಂದ ಅಂಟಿದವನು ಎರಡನೆಯವನು. ಘಟ್ಟದ ಮೇಲೆ ಕೊಡಗಿನಲ್ಲೂ ಇಂಥದೇ ವಿಂಗಡಣೆ: ಒಕ್ಕಲು ಜಮ್ಮದ ಆಳು ಒಂದು ಮನೆಗೆ ಸೇರಿದವನು, ಭೂಮಿ ಜಮ್ಮದ ಆಳು ಗದ್ದೆಗೆ ಸೇರಿದವನು. ಗದ್ದೆ ಕೈ ಬದಲಾದರೆ ಅವನೂ ಬದಲಾಗಬೇಕು. ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ 1850ರ ದಶಕದಲ್ಲಿ ಕೊಡಗಿಗೆ ಬಂದಾಗ ಅವನ ಹತ್ತಿರ ಬಂದವರಲ್ಲಿ ಈ ಆಳುಗಳೇ ಹೆಚ್ಚು. ಅವರಿಗಾಗಿ ಅವನು ಆನಂದಪುರ ಎಂಬ ಊರನ್ನೇ ಕಟ್ಟಿದ. ಮತಾಂತರದ ಬಗ್ಗೆ ಗಂಟೆಗಟ್ಟಲೆ ಭಾಷಣ ಮಾಡುವವರು, ಅವರು ಯಾವುದರಿಂದ ತಪ್ಪಿಸಿಕೊಂಡರು ಎಂಬ ಪ್ರಶ್ನೆಯನ್ನು ಸಾಮಾನ್ಯವಾಗಿ ಕೇಳುವುದಿಲ್ಲ.

1843ರ ಕಾಯ್ದೆ ಗುಲಾಮಗಿರಿಗೆ ಕಾನೂನಿನ ಮಾನ್ಯತೆ ಇಲ್ಲ ಎಂದಿತು. ಒಳ್ಳೆಯದೇ. 1854ರಲ್ಲಿ ಮಡಿಕೇರಿಯ ಹತ್ತಿರ ಫೌಲರ್ ಎಂಬಾತ ಕೊಡಗಿನ ಮೊದಲ ಯುರೋಪಿಯನ್ ಕಾಫಿ ತೋಟ ಮಾಡಿದ. ಮುಂದಿನ ವರ್ಷಗಳಲ್ಲಿ ಸಂಪಾಜೆ ಘಾಟಿಯ ಇಳಿಜಾರಿನಲ್ಲೂ ತೋಟಗಳು ಎದ್ದವು. ತೋಟಕ್ಕೆ ಕೈಗಳು ಬೇಕು. ಮೈಸೂರು ಸೀಮೆಯಿಂದ, ದಕ್ಷಿಣ ಕನ್ನಡದಿಂದ ಮೇಸ್ತ್ರಿಗಳು ಮುಂಗಡ ಕೊಟ್ಟು ಜನ ತಂದರು. 1859ರಲ್ಲಿ 13ನೇ ಕಾಯ್ದೆ ಬಂತು. ಮುಂಗಡ ತೆಗೆದುಕೊಂಡು ಕೆಲಸ ಬಿಟ್ಟು ಹೋದ ಕೂಲಿಯನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿ ಶಿಕ್ಷೆ ಕೊಡಿಸಬಹುದು ಎಂಬ ಕಾಯ್ದೆ. ಅದು 1920ರ ದಶಕದ ನಡುವಿನವರೆಗೂ ಇತ್ತು. ಎರಡು ಕಾಯ್ದೆಗಳ ನಡುವೆ ಹದಿನಾರು ವರ್ಷ. ಒಂದು ಕೈಯಲ್ಲಿ ಬಿಚ್ಚಿದ ಹಗ್ಗವನ್ನು ಇನ್ನೊಂದು ಕೈಯಲ್ಲಿ ಕಟ್ಟಿದ ಹಾಗೆ. ಮೊದಲ ಹಗ್ಗಕ್ಕೆ ಹುಟ್ಟು ಎಂದು ಹೆಸರು, ಎರಡನೆಯದಕ್ಕೆ ಕರಾರು.

ಇಲ್ಲಿ ಶಿವರಾಮ ಕಾರಂತರ 'ಚೋಮನ ದುಡಿ' ನೆನಪಾಗಲೇಬೇಕು. 1933ರಲ್ಲಿ ಬಂದ ಈ ಕಾದಂಬರಿಯನ್ನು ನಾವು ಓದುವುದು ಚೋಮನ ನೆಲದ ಆಸೆಯ ಕಥೆಯಾಗಿ. ಸರಿ. ಆದರೆ ಸಂಪಾಜೆಯಲ್ಲಿ ನಿಂತು ಓದಿದರೆ ಇನ್ನೊಂದು ಕಥೆ ಕಾಣುತ್ತದೆ. ಸಾಲ ತೀರಿಸಲಿಕ್ಕೆ ಚೋಮನ ಇಬ್ಬರು ಗಂಡುಮಕ್ಕಳು ಘಟ್ಟದ ಕಾಫಿ ತೋಟಕ್ಕೆ ಹೋಗುತ್ತಾರೆ. ಒಬ್ಬ ಅಲ್ಲೇ ಉಳಿದು ಧರ್ಮ ಬದಲಿಸುತ್ತಾನೆ, ಇನ್ನೊಬ್ಬ ಜ್ವರ ಹೊತ್ತು ಬಂದು ಸಾಯುತ್ತಾನೆ. ಆಮೇಲೆ ಮಗಳು ಬೆಳ್ಳಿಯೂ ಹೋಗಬೇಕಾಗುತ್ತದೆ. ಕಾದಂಬರಿಯ ಕಣ್ಣು ಚೋಮನ ಗುಡಿಸಲಿನಲ್ಲಿ ಇರುತ್ತದೆ. ಘಟ್ಟ ಹತ್ತಿದವರು ದಾರಿಯಲ್ಲಿ ಎಂತ ಕಂಡರು, ತೋಟದಲ್ಲಿ ಯಾರ ಜೊತೆ ಮಲಗಿದರು, ಎಂತ ಹಾಡಿದರು ಎಂಬುದು ನಮಗೆ ಬಹಳ ಸಿಗುವುದಿಲ್ಲ. ಕೆಳಗೆ ನೆಲ ಕೊಡದ ಒಡೆಯ, ಮೇಲೆ ಸಾಲ ಕೊಟ್ಟ ತೋಟ. ಇವೆರಡೂ ಒಂದೇ ವ್ಯವಸ್ಥೆಯ ಎರಡು ತುದಿಗಳು. ಕೆಳಗೆ ನೆಲ ಸಿಕ್ಕಿದ್ದರೆ ಮೇಲೆ ಕೂಲಿ ಸಿಗುತ್ತಿರಲಿಲ್ಲ. ಹಾಗಾಗಿ ಚೋಮನಿಗೆ ನೆಲ ಸಿಗದೇ ಇದ್ದುದು ಒಬ್ಬ ಒಡೆಯನ ಅಥವಾ ಅವನ ತಾಯಿಯ ಮಡಿಯ ಪ್ರಶ್ನೆ ಮಾತ್ರವಲ್ಲ, ಇಡೀ ಘಟ್ಟದ ಅರ್ಥವ್ಯವಸ್ಥೆಯ ಪ್ರಶ್ನೆ.

ಹತ್ತು ವರ್ಷದ ಮೇಲೆ ಬಂದ ಕಾರಂತರ 'ಬೆಟ್ಟದ ಜೀವ'ದಲ್ಲಿ ಕುಮಾರಪರ್ವತದ ಬುಡದ ಗೋಪಾಲಯ್ಯ ಕಾಡು ಕಡಿದು ತೋಟ ಮಾಡಿದ ಸಾಹಸಿ. ಅದು ಪ್ರೀತಿಯಿಂದ ಬರೆದ ಪುಸ್ತಕ, ನಮ್ಮ ವಿದ್ಯಾರ್ಥಿಗಳೂ ಪ್ರೀತಿಯಿಂದ ಓದುತ್ತಾರೆ. ಅವೆರಡನ್ನೂ ಅಕ್ಕಪಕ್ಕ ಇಟ್ಟು ಓದಬೇಕು ಅನ್ನುವುದು ನನ್ನ ಸೂಚನೆ. ನೆಲ ಬೇಕೆಂಬ ಆಸೆ ಇಬ್ಬರಿಗೂ ಉಂಟು, ಮೈಮುರಿದು ದುಡಿಯುವ ಶಕ್ತಿಯೂ ಇಬ್ಬರಿಗೂ ಉಂಟು. ಒಬ್ಬನ ಆಸೆ ಸಾಹಸವಾಗುತ್ತದೆ, ಇನ್ನೊಬ್ಬನದು ದುರಂತವಾಗುತ್ತದೆ. ವ್ಯತ್ಯಾಸ ಸ್ವಭಾವದಲ್ಲಿ ಇಲ್ಲ, ಜಾತಿಯಲ್ಲಿದೆ.

5

1934ರ ಫೆಬ್ರವರಿ ಕೊನೆಯಲ್ಲಿ ಗಾಂಧಿ ಹರಿಜನ ಯಾತ್ರೆಯಲ್ಲಿ ಕೊಡಗಿಗೆ ಬಂದರು. ಮಡಿಕೇರಿಯಿಂದ ಮಂಗಳೂರಿಗೆ ಇಳಿದದ್ದು ಇದೇ ಘಾಟಿಯಲ್ಲಿ. ಮಂಗಳೂರಿನಲ್ಲಿ ಅದಕ್ಕೆ ಮೊದಲೇ, 1890ರ ದಶಕದಲ್ಲಿ, ಕುದ್ಮುಲ್ ರಂಗರಾಯರು ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿ ಶಾಲೆ, ವಸತಿ ಎಂದು ಕೆಲಸ ಮಾಡಿದ್ದರು. ಗಾಂಧಿಯ ಯಾತ್ರೆ ದೇವಸ್ಥಾನದ ಬಾಗಿಲಿನ ಬಗ್ಗೆ ಮಾತಾಡಿತು. ನೆಲದ ಬಗ್ಗೆ ಮಾತಾಡಿದ್ದು ವಿಚಿತ್ರವಾಗಿ ಮದ್ರಾಸು ಸರಕಾರದ ಕಡತಗಳು. ದಲಿತರಿಗೆಂದು ಕಾದಿರಿಸಿದ ಭೂಮಿಯನ್ನು ನಮ್ಮ ಜಿಲ್ಲೆಯಲ್ಲಿ ಇಂದಿಗೂ 'ಡಿ.ಸಿ. ಮನ್ನಾ' ಎನ್ನುತ್ತಾರೆ. ಡಿ.ಸಿ. ಎಂದರೆ ಜಿಲ್ಲಾಧಿಕಾರಿ ಅಂತ ತಿಳಿದವರೇ ಹೆಚ್ಚು. ಅದು ಡಿಪ್ರೆಸ್ಡ್ ಕ್ಲಾಸ್. ಈ ಭೂಮಿ ಎಲ್ಲಿದೆ, ಎಷ್ಟಿದೆ, ಯಾರ ಕೈಯಲ್ಲಿದೆ ಎಂದು ದಕ್ಷಿಣ ಕನ್ನಡದ ದಲಿತ ಸಂಘಟನೆಗಳು ದಶಕಗಳಿಂದ ಕೇಳುತ್ತ ಬಂದಿವೆ, ಧರಣಿ ಕೂತಿವೆ. ಗಡಿಯ ಮೇಲ್ಬದಿಯ ಕೊಡಗು ಮದ್ರಾಸಿಗೆ ಸೇರಿರಲಿಲ್ಲ, ಅಲ್ಲಿ ಹೋರಾಟದ ಪದ ಬೇರೆ: ಪೈಸಾರಿ. 2016ರ ಡಿಸೆಂಬರಿನಲ್ಲಿ ಕೊಡಗಿನ ದಿಡ್ಡಳ್ಳಿಯಲ್ಲಿ ಐನೂರಕ್ಕೂ ಹೆಚ್ಚು ಆದಿವಾಸಿ ಕುಟುಂಬಗಳ ಗುಡಿಸಲು ಕೆಡವಿದಾಗ ಆ ಪದ ರಾಜ್ಯಕ್ಕೆಲ್ಲ ಕೇಳಿತು. ಒಂದೇ ಹಸಿವು ಎರಡು ಜಿಲ್ಲೆಗಳಲ್ಲಿ ಎರಡು ಹೆಸರಿನಲ್ಲಿ ಅರ್ಜಿ ಬರೆಯುತ್ತಿದೆ. ಸಂಘಟನೆಗಳೂ ಜಿಲ್ಲೆಯ ಗಡಿಯಲ್ಲಿ ನಿಂತುಬಿಡುವುದು ನಮ್ಮ ದೌರ್ಬಲ್ಯ ಅಂತ ಹೇಳಲೇಬೇಕು.

1974ರ ಮಾರ್ಚ್ 1ರಿಂದ ಜಾರಿಯಾದ ಭೂಸುಧಾರಣೆ ದಕ್ಷಿಣ ಕನ್ನಡದಲ್ಲಿ ನಿಜವಾದ ಕ್ರಾಂತಿಯನ್ನೇ ಮಾಡಿತು. ಗೇಣಿದಾರರು ಒಡೆಯರಾದರು. ಆದರೆ ಫಾರಂ ನಂಬರ್ 7 ತುಂಬಲು ಗೇಣಿದಾರನಾಗಿರಬೇಕು. ಗೇಣಿ ಚೀಟು ಇದ್ದವರು ಗೌಡರು, ಬಿಲ್ಲವರು, ಬಂಟರು ಮೊದಲಾದವರು. ದಲಿತರಲ್ಲಿ ಚಾಲಗೇಣಿ ಇದ್ದ ಕೆಲವರಿಗೆ ಭೂಮಿ ಸಿಕ್ಕಿತು. ಉಳಿದವರು ಗೇಣಿದಾರನ ಆಳುಗಳು. ಅವರಿಗೆ ಹೆಚ್ಚೆಂದರೆ ವಾಸದ ಮನೆ, ಅಂಗಳ. ಉಳುವವನೇ ಹೊಲದೊಡೆಯ ಎಂಬ ಘೋಷಣೆಯಲ್ಲಿ ಉಳುವವನು ಯಾರು ಎಂಬುದನ್ನು ಕಾಗದ ತೀರ್ಮಾನಿಸಿತು, ನೊಗ ತೀರ್ಮಾನಿಸಲಿಲ್ಲ.

ಈ ಹೊತ್ತಿಗೇ ಸುಳ್ಯದ ಗುಡ್ಡಗಳಿಗೆ ಇನ್ನೊಂದು ಜನ ಬಂದರು. 1964ರ ಸಿರಿಮಾವೋ-ಶಾಸ್ತ್ರಿ ಒಪ್ಪಂದದಲ್ಲಿ ಸಿಂಹಳದ ತೋಟಗಳ 5,25,000 ತಮಿಳರನ್ನು ಭಾರತ ತೆಗೆದುಕೊಳ್ಳುವುದೆಂದು ಆಯಿತು. ಅವರಲ್ಲಿ ಒಂದು ಭಾಗವನ್ನು ಪುತ್ತೂರು, ಸುಳ್ಯ, ಸುಬ್ರಹ್ಮಣ್ಯದ ಸರಕಾರಿ ರಬ್ಬರು ತೋಟಗಳಲ್ಲಿ ನೆಲೆಗೊಳಿಸಿದರು. ಇವರಲ್ಲಿ ಬಹಳ ಮಂದಿಯ ಅಜ್ಜ ಅಜ್ಜಿಯರು ಬ್ರಿಟಿಷರ ಕಾಲದಲ್ಲಿ ತಮಿಳುನಾಡಿನ ಊರುಗಳಿಂದ ಕಡಲು ದಾಟಿದ ದಲಿತರು. ಗುಡ್ಡ ಬೋಳಿಸಿ ರಬ್ಬರು ನೆಟ್ಟು ಬೆಳಗಿನ ಜಾವ ಹಾಲು ತೆಗೆದವರು ಇವರು. ಆದರೆ ಜಾತಿ ಪ್ರಮಾಣಪತ್ರ ಕೇಳಿದರೆ ನೀವು ಇಲ್ಲಿಯ ಮೂಲದವರಲ್ಲ ಎಂಬ ಉತ್ತರ. ಇದಕ್ಕಾಗಿ ಅವರು ವರ್ಷಗಟ್ಟಲೆ ಹೋರಾಡಬೇಕಾಯಿತು. ಜಾತಿ ಎರಡು ಸಮುದ್ರಯಾನ ಮಾಡಿದರೂ ಬೆನ್ನು ಬಿಡಲಿಲ್ಲ, ಅದರ ಕಾಗದ ಮಾತ್ರ ಒಂದು ತಾಲೂಕು ಕಚೇರಿಯ ಮೆಟ್ಟಿಲು ಹತ್ತಲಿಲ್ಲ.

6

ಇವೆಲ್ಲ ಹಳೆಯ ಕಥೆ ಅನ್ನುವವರು ಕಳೆದ ಕೆಲವು ವರ್ಷಗಳನ್ನು ನೋಡಲಿ.

ಸಂಪಾಜೆ, ಅರಂತೋಡು, ತೊಡಿಕಾನ, ಚೆಂಬು, ಮರ್ಕಂಜ ಕಡೆ ಅಡಿಕೆಗೆ ಹಳದಿ ಎಲೆ ರೋಗ ಬಂದು ದಶಕಗಳೇ ಆದವು. ಮರದ ಸೋಗೆ ಹಳದಿಯಾಗಿ, ಹಿಂಗಾರ ಸೊರಗಿ, ಕೊನೆಗೆ ತೋಟವೇ ಬೋಳಾಗುತ್ತದೆ. ಇದಕ್ಕೆ ಖಚಿತ ಮದ್ದು ಇನ್ನೂ ಸಿಕ್ಕಿಲ್ಲ. 2021-22ರ ರಾಜ್ಯ ಬಜೆಟ್ಟಿನಲ್ಲಿ ಸಂಶೋಧನೆಗೆ, ಪರ್ಯಾಯ ಬೆಳೆಗೆ 25 ಕೋಟಿ ರೂಪಾಯಿ ಘೋಷಿಸಿದರು. ತೋಟದವರ ಸಂಕಟ ನಿಜ, ಅದನ್ನು ಅಲ್ಲಗಳೆಯುವುದಿಲ್ಲ. ಎಕರೆ ಎರಡೆಕರೆಯ ಕೃಷಿಕರು ಬಹಳ ಸೋತಿದ್ದಾರೆ. ಆದರೆ ತೋಟ ಸತ್ತರೆ ಮರ ಹತ್ತಿ ಕೊನೆ ಇಳಿಸುವವನ, ಅಡಿಕೆ ಸುಲಿಯುವ ಹೆಂಗಸಿನ ಕೂಲಿಯೂ ಸಾಯುತ್ತದೆ. ಪರಿಹಾರದ ಅರ್ಜಿಗೆ ಪಹಣಿ ಬೇಕು. ಸುಲಿದ ಅಡಿಕೆಗೆ ಪಹಣಿ ಇರುವುದಿಲ್ಲ.

2018ರ ಆಗಸ್ಟಿನಲ್ಲಿ ಜೋಡುಪಾಲ, ಮೊಣ್ಣಂಗೇರಿ, ಮದೆನಾಡಿನಲ್ಲಿ ಗುಡ್ಡ ಜರಿಯಿತು. ಜೀವಗಳು ಹೋದವು, ಘಾಟಿ ಬಂದಾಯಿತು. ಮೇಲಿನವರು ಇಳಿದು ಬಂದು ಕಲ್ಲುಗುಂಡಿ, ಅರಂತೋಡಿನ ಶಿಬಿರಗಳಲ್ಲಿ ನಿಂತರು. 1834ರಲ್ಲಿ ಕಡಿದ ಗಡಿಯನ್ನು ಕೆಸರು ಒಂದೇ ರಾತ್ರಿಯಲ್ಲಿ ಅಳಿಸಿತು. ಶಿಬಿರದಲ್ಲಿ ಎಲ್ಲರೂ ಸಂತ್ರಸ್ತರೇ. ಶಿಬಿರ ಮುಗಿದ ಮೇಲೆ? ಮುಂದೆ ಕರ್ಣಂಗೇರಿ, ಮದೆನಾಡು, ಜಂಬೂರು ಮೊದಲಾದ ಕಡೆ ಸರಕಾರ ಮನೆ ಕಟ್ಟಿತು. ಹೋದದ್ದಕ್ಕೆ ಲೆಕ್ಕ ಕೊಡಬೇಕಾದಾಗ ದಾಖಲೆ ಕೇಳುತ್ತಾರೆ: ಎಷ್ಟು ತೋಟ ಹೋಯಿತು, ಎಷ್ಟು ಗದ್ದೆ ಹೋಯಿತು. ತೋಟದ ಲೈನ್‌ಮನೆಯಲ್ಲಿ ಇದ್ದವನದು ಹೋದದ್ದು ಕೆಲಸ, ಮತ್ತು ನೆರೆಹೊರೆ. ಅದರ ಕಾಲಂ ಯಾವ ಫಾರಮಿನಲ್ಲೂ ಇಲ್ಲ. 2022ರ ಜೂನ್ ಕೊನೆಗೆ ಸಂಪಾಜೆ, ಚೆಂಬು ಸುತ್ತ ಭೂಮಿ ಸಣ್ಣದಾಗಿ ಹಲವು ಸಲ ಕಂಪಿಸಿತು, ಆಗಸ್ಟಿನಲ್ಲಿ ಪಯಸ್ವಿನಿ ಉಕ್ಕಿ ಕೊಯನಾಡು, ಕಲ್ಲುಗುಂಡಿಗೆ ನುಗ್ಗಿತು. ಹೆದರಿಕೆ ಎಲ್ಲರಿಗೂ ಒಂದೇ. ಆದರೆ ಕಡಿದಾದ ಇಳಿಜಾರಿನಲ್ಲಿ, ಹೊಳೆಬದಿಯ ಪೊರಂಬೋಕಿನಲ್ಲಿ ಯಾರ ಮನೆ ಇದೆ ಮತ್ತು ಯಾಕೆ ಅಲ್ಲೇ ಇದೆ ಎಂಬುದಕ್ಕೆ ಉತ್ತರ ಹವಾಮಾನ ಇಲಾಖೆಯಲ್ಲಿ ಸಿಗುವುದಿಲ್ಲ. ಮೇಲೆ ಹೇಳಿದ ಕುಮ್ಕಿ, ಬಾಣೆಗಳಲ್ಲಿ ಸಿಗುತ್ತದೆ.

ಸುಳ್ಯ ಪರಿಶಿಷ್ಟ ಜಾತಿಗೆ ಮೀಸಲಾದ ವಿಧಾನಸಭಾ ಕ್ಷೇತ್ರ. 1994ರಿಂದ 2023ರವರೆಗೆ ಎಸ್. ಅಂಗಾರ ಸತತ ಆರು ಸಲ ಗೆದ್ದರು, ಕೊನೆಗೆ ಮಂತ್ರಿಯೂ ಆದರು. 2023ರಲ್ಲಿ ಭಾಗೀರಥಿ ಮುರುಳ್ಯ ಗೆದ್ದರು. ಇದು ಸಣ್ಣ ಸಂಗತಿಯಲ್ಲ. ಹಾಗೆಂದು ಮೀಸಲು ಕ್ಷೇತ್ರ ಮತಪೆಟ್ಟಿಗೆಯನ್ನು ಬದಲಿಸುತ್ತದೆ, ಅಡಂಗಲ್ ಪುಸ್ತಕವನ್ನು ತಾನಾಗಿ ಬದಲಿಸುವುದಿಲ್ಲ. ಗಡಿ ದಾಟಿ ಕೊಡಗಿನ ಸಂಪಾಜೆಗೆ ಹೋದರೆ ಆ ಮೀಸಲಾತಿಯೂ ಇಲ್ಲ.

7

ಹಾಗಾದರೆ ಈ ಊರಿನಲ್ಲಿ ದಲಿತರ ಚರಿತ್ರೆಗೆ ಆಧಾರವೇ ಇಲ್ಲವೇ? ಉಂಟು. ಕಾಗದದಲ್ಲಿ ಇಲ್ಲದ್ದು ಪಾಡ್ದನದಲ್ಲಿ ಉಂಟು. ತುಳುನಾಡಿನ ದಲಿತರ ಕಾನದ-ಕಟದರು ಘಟ್ಟದಿಂದ ಅತಿಕಾರೆ ಎಂಬ ಭತ್ತದ ಬೀಜ ತಂದು ತುಳುನಾಡಿಗೆ ಕೊಟ್ಟ ವೀರರು. ಮುಗೇರರ ಪಾಡ್ದನದಲ್ಲಿ ತನ್ನಿಮಾನಿಗ ಎಂಬ ಹೆಣ್ಣು ಉಂಟು. ಕಾನದ-ಕಟದರ ಕಥೆಯನ್ನು ಜಾನಪದ ಎಂದು ಮೂಲೆಗೆ ಹಾಕದೆ ಓದಿದರೆ ಅದರ ವಾದ ಗೊತ್ತಾಗುತ್ತದೆ. ಘಟ್ಟದ ದಾರಿ ಅರಸರದ್ದೂ ಅಲ್ಲ, ಕಂಪೆನಿಯದ್ದೂ ಅಲ್ಲ. ಈ ನಾಡಿನ ಗದ್ದೆಗೆ ಬೀಜ ತಂದವರೇ ನಾವು ಎಂಬ ವಾದ. ವರ್ಗದಾರನ ಹಕ್ಕು 1866ಕ್ಕಿಂತ ಮೊದಲಿನದು ಎಂದರೆ, ಬೀಜದ ಹಕ್ಕು ಅದಕ್ಕಿಂತಲೂ ಮೊದಲಿನದು. ಕೋಲದಲ್ಲಿ ದೈವಕ್ಕೆ ಮೈ ಕೊಡುವ ನಲಿಕೆ, ಪರವ, ಪಂಬದರ ಮಾತಿಗೆ ಇಡೀ ಊರು ಆ ಒಂದು ರಾತ್ರಿ ಕೈಮುಗಿಯುತ್ತದೆ. ಬೆಳಗಾದ ಮೇಲೆ ಅದೇ ಮನುಷ್ಯನ ಸಾಕ್ಷಿ ತಾಲೂಕು ಕಚೇರಿಯಲ್ಲಿ ನಡೆಯುವುದಿಲ್ಲ.

ಆದ್ದರಿಂದ ಕೆಲಸ ಎರಡು ಕಡೆಯಿಂದ ಆಗಬೇಕು. ಪಾಡ್ದನವನ್ನು ಕಲೆಯಾಗಿ ಮಾತ್ರವಲ್ಲ, ದಾಖಲೆಯಾಗಿ ಓದಬೇಕು. ದಾಖಲೆಯನ್ನು ಸತ್ಯವಾಗಿ ಅಲ್ಲ, ಒಂದು ಜಾತಿಯ ಕಥನವಾಗಿ ಓದಬೇಕು. ಮಾಹಿತಿ ಹಕ್ಕಿನ ಕಾಯ್ದೆ ಬಂದು (2005) ಎಷ್ಟೋ ವರ್ಷವಾಯಿತು. ನಮ್ಮ ಸಂಶೋಧನಾ ವಿದ್ಯಾರ್ಥಿಗಳು ಕಾದಂಬರಿಗಳಲ್ಲಿ ದಲಿತ ಪ್ರಜ್ಞೆ ಹುಡುಕುತ್ತಾರೆ, ಹುಡುಕಲಿ. ಜೊತೆಗೆ ಒಬ್ಬೊಬ್ಬರು ಒಂದೊಂದು ಗ್ರಾಮದ ಡಿ.ಸಿ. ಮನ್ನಾ ಭೂಮಿಯ ಸರ್ವೆ ನಂಬರ್ ಹುಡುಕಿ, ಅದರಲ್ಲಿ ಈಗ ಯಾವ ಬೆಳೆ ಉಂಟು, ಯಾರ ಬೇಲಿ ಉಂಟು ಅಂತ ನಡೆದು ನೋಡಿ ಬರೆಯಲಿ. ಗಡಿಯ ಆಚೆ ಪೈಸಾರಿಯ ಬಗ್ಗೆ ಕೊಡಗಿನ ಗೆಳೆಯರು ಅದೇ ಕೆಲಸ ಮಾಡಲಿ. ಹಿರಿಯರು ಘಟ್ಟಕ್ಕೆ ಹೋದ ಕಥೆಗಳನ್ನು, ಯಾವ ತೋಟ, ಎಷ್ಟು ಮುಂಗಡ, ಯಾವ ದಾರಿ ಎಂದು ಕೇಳಿ ಬರೆದುಕೊಳ್ಳಲಿ. ಅಂಥ ಹತ್ತು ಗ್ರಾಮಗಳ ಚರಿತ್ರೆ ಕೈಗೆ ಬಂದರೆ, ಮುಂದಿನ ಸಲ ಧರಣಿ ಕೂರುವಾಗ ಬರೀ ಘೋಷಣೆ ಹಿಡಿದು ಕೂರಬೇಕಾಗಿಲ್ಲ, ನಕ್ಷೆ ಹಿಡಿದು ಕೂರಬಹುದು. ಸಂಪಾಜೆಯಿಂದಲೇ ಶುರು ಮಾಡಬಹುದು. ಎರಡು ಜಿಲ್ಲೆಗಳ ಕಡತ ಒಂದೇ ಊರಿನಲ್ಲಿ ಸಿಗುವುದು ಅಪರೂಪ.